ಗಿಳಿ ಮೇಷ್ಟ್ರ ವರ್ತಮಾನಕಾಲ

ಸಾಹೇಬರ ಬಂಗಲೆಯ ಪಂಜರದಲ್ಲಿ ಎಂಟು ವರ್ಷ ಇದ್ದು ಬಂದ ಗಿಳಿಯೊಂದು ಬೇಲಿಗೂಟದ ಮೇಲೆ ಕೂತು ಕೋಳಿಗಳಿಗೆ ಇಂಗ್ಲಿಷ್ ಕಲಿಸುತ್ತಿತ್ತು. ತನ್ನ ಮರಿಗಳಾದರೂ ನಾಲ್ಕು ಜನರ ಮುಂದೆ ತಲೆಯೆತ್ತಿ ಮಾತಾಡಲಿ ಎಂದು ಕೆಂಚಿ ಎಂಬ ಹೇಂಟೆ ಐದು ಮರಿಗಳನ್ನೂ ಕಟ್ಟಿಕೊಂಡು ದಿನವೂ ಪಾಠಕ್ಕೆ ಬರುತ್ತಿತ್ತು.

ಅಂದಿನ ಪಾಠ ವರ್ತಮಾನಕಾಲ. "ದಿನಾ ಬರುವುದಕ್ಕೆ ‘ಕಮ್ಸ್’, ಈಗ ಬರುತ್ತಿರುವುದಕ್ಕೆ ‘ಈಸ್ ಕಮಿಂಗ್’," ಎಂದಿತು ಗಿಳಿ.

ಅಷ್ಟರಲ್ಲಿ ಕೆಂಚಿಗೆ ಆಕಾಶದಲ್ಲಿ ಹದ್ದು ಕಂಡಿತು. "ಹದ್ದು ಬಂತು, ಮೇಷ್ಟ್ರೇ," ಎಂದಿತು.

"ಎಲ್ಲಿ ಬಂತು? ಬರುತ್ತಿದೆ. ಬಾರದ್ದನ್ನು ಬಂತು ಎನ್ನುವ ನಿಮಗೆ ಕಾಲಜ್ಞಾನವೇ ಇಲ್ಲ. ಇಂಗ್ಲಿಷಿನಲ್ಲಿ ಹೇಳು."

ಕೆಂಚಿ ನಾಚಿಕೊಂಡು, "ಹದ್ದು ಕಮ್ಸ್," ಎಂದಿತು.

"ಅದೇನು ದಿನಾ ಬರುತ್ತದೆಯೇ?"

"ಬರುತ್ತದೆ. ಮೊನ್ನೆ ನನ್ನ ಆರನೆಯ ಮರಿಯನ್ನು ಒಯ್ದಿತು."

"ಹಾಗಾದರೆ ‘ಕಮ್ಸ್’ ಸರಿಯೇ. ಆದರೆ ಈಗಲೂ ಬರುತ್ತಿರುವುದರಿಂದ..." ಗಿಳಿ ಕಣ್ಣು ಮುಚ್ಚಿ ಯೋಚಿಸತೊಡಗಿತು.

ಹದ್ದಿನ ನೆರಳು ನೆಲಕ್ಕೆ ಬಿತ್ತು. ಕೆಂಚಿ ವ್ಯಾಕರಣವನ್ನು ಅಲ್ಲೇ ಬಿಟ್ಟು, ಅಮ್ಮ ಕಲಿಸಿದಂತೆ ಕೊಕ್ಕೊಕ್ಕೊಕ್ಕೋ ಎಂದು ಕೂಗಿತು. ಐದೂ ಮರಿಗಳು ತಾಯಿಯ ಜೊತೆ ಬೇಲಿಯ ಮುಳ್ಳಿನ ಸಂದಿಗೆ ನುಗ್ಗಿದವು. ಸುಮ್ಮನೆ ಹಿಂತಿರುಗಲು ಮನಸ್ಸಿಲ್ಲದ ಹದ್ದು ಗೂಟದ ಮೇಲಿದ್ದ ಗಿಳಿಯನ್ನೇ ಎತ್ತಿಕೊಂಡು ಹಾರಿತು.

"ಅಯ್ಯಯ್ಯೋ, ಸತ್ತೆ," ಎಂದು ಗಿಳಿ ಅಚ್ಚಗನ್ನಡದಲ್ಲಿ ಅರಚಿತು.

ಹಿರಿಯ ಮರಿ ಕತ್ತು ಹೊರಹಾಕಿ ಕೇಳಿತು: "ಅಮ್ಮಾ, ಮೇಷ್ಟ್ರು ಇನ್ನೂ ಸತ್ತಿಲ್ಲವಲ್ಲ. ಸತ್ತೆ ಅನ್ನೋದು ತಪ್ಪಲ್ಲವಾ?"

ಕೆಂಚಿ ಆಕಾಶದತ್ತ ನೋಡಿ ಹೇಳಿತು: "ತಿದ್ದೋಕೆ ಹೋಗಬೇಡ ಮಗೂ. ಇನ್ನೊಂದು ಗಳಿಗೆಯಲ್ಲಿ ಅದೇ ಸರಿಯಾಗುತ್ತೆ."