ಗೆದ್ದು ತಂದ ಹಾರೆ

ಹಾರೆ ಹೊತ್ತು ಹೋಗಿದ್ದ ಗಾದಿಲಿಂಗ ಬರಿಗೈಯಲ್ಲಿ ಗುಡ್ಡ ಹತ್ತಿ ಬಂದ.

ಮೇಲೆ ಹುಲಿಗೆವ್ವ ನಿಂತಿದ್ದಳು. ಸೊಂಟದ ಮೇಲೆ ಖಾಲಿ ಕೊಡ. ಹೊಳೆಗೆ ಇಳಿಯುವ ಹೊತ್ತು.

ಆ ಗುಡ್ಡದ ಮೇಲೆ ಇದ್ದವರೆಲ್ಲ ಕಲ್ಲು ಒಡೆಯುವವರು. ಸುತ್ತಲ ಊರಿನ ಬಾವಿಗಳನ್ನೆಲ್ಲ ತೋಡಿಕೊಟ್ಟವರು ಅವರು. ಅವರಿಗೊಂದು ಬಾವಿ ಇರಲಿಲ್ಲ. ಊರಿನವರನ್ನು ಕೇಳಿದರು. ಕೇಳಿ ಕೇಳಿ ಬಾಯಿ ಒಣಗಿತು. ಕೊನೆಗೆ ಹುಲಿಗೆವ್ವ ಸತ್ತ ಗಂಡನ ಹಾರೆಯನ್ನು ಸೂರಿನಿಂದ ಎಳೆದು, ಗುಡಿಸಲ ಮುಂದೆಯೇ ತೋಡಲು ಶುರು ಮಾಡಿದಳು.

ಜನ ಅವಳನ್ನು ಗುರು ಅನ್ನುತ್ತಿದ್ದರು. ಅವಳು ಯಾರಿಗೂ ಮಂತ್ರ ಕೊಟ್ಟವಳಲ್ಲ. ಕಲಿಯಲು ಬಂದವರ ಕೈಗೆ ಹಾರೆ ಕೊಡುತ್ತಿದ್ದಳು. ಹೆಚ್ಚಿನವರು ಮರುದಿನವೇ ಜಾಗ ಖಾಲಿ ಮಾಡುತ್ತಿದ್ದರು.

ಗಾದಿಲಿಂಗ ಉಳಿದಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಾವಿಗೆ ಇಳಿಯುತ್ತಿದ್ದ. ಹಗ್ಗದ ಇನ್ನೊಂದು ತುದಿ ಹುಲಿಗೆವ್ವನ ಕೈಯಲ್ಲಿ. ಅವಳೂ ಗುಡಿಸಲಿನ ಹೆಂಗಸರೂ ಸೇರಿ ಎಳೆದರೆ ಅವನು ಎಲ್ಲೇ ಇರಲಿ, ಮೇಲೆ ಬರಲೇಬೇಕು.

"ಹಾರೆ ಎಲ್ಲೋ?" ಅಂದಳು ಹುಲಿಗೆವ್ವ.

"ಮೊನೆ ಬಡಿಸಿಕೊಂಡು ಬರ್ತೀನಿ ಅಂತ ಆಚೆ ದಡದ ಕಮ್ಮಾರನ ಹತ್ತಿರ ಹೋದೆನಲ್ಲ ಅವ್ವಾ."

"ಹೋದೆ. ಕಮ್ಮಾರ ಅದನ್ನ ನುಂಗಿದನಾ?"

"ಇಲ್ಲ. ಕಮ್ಮಾರನ ಪಕ್ಕದಲ್ಲಿ ಆಟದ ಮನೆ ಇದೆ."

ಹುಲಿಗೆವ್ವ ಕೊಡ ಕೆಳಗಿಟ್ಟಳು.

ಆಟದ ಮನೆ ಅಂದರೆ ಕ್ಯಾಸಿನೊ, ಕೆಂಪೋ ಕಪ್ಪೋ ಎಂದು ಚಕ್ರ ತಿರುಗಿಸಿ ಜೂಜಾಡುವ ಜಾಗ. ಆಚೆ ದಡದಲ್ಲಿ ಹೊಸದಾಗಿ ಎದ್ದಿತ್ತು. ಅಲ್ಲಿಗೆ ಹೋಗುವವರಿಗೆ ಹರಿಗೋಲು ಪುಕ್ಕಟೆ. ಬರುವವರಿಗೆ ಅಲ್ಲ. ಒಳಗೆ ಊಟ ಪುಕ್ಕಟೆ, ಶರಬತ್ತು ಪುಕ್ಕಟೆ. ದುಡ್ಡಿಲ್ಲದವನು ಕೈಯಲ್ಲಿ ಇದ್ದದ್ದನ್ನೇ ಪಣಕ್ಕೆ ಇಡಬಹುದು. ಅದನ್ನು ಕಟ್ಟಿಸಿದವನು ಮಾತ್ರ ಒಂದು ದಿನವೂ ಆಡಿದವನಲ್ಲ.

"ಗೆದ್ದೆಯಾ?"

"ಮೊದಲು ಗೆದ್ದೆ ಅವ್ವಾ. ಮತ್ತೆ ಮತ್ತೆ ಗೆದ್ದೆ."

"ಆಗ ಯಾಕೆ ಏಳಲಿಲ್ಲ?"

"ಗೆಲ್ಲುತ್ತಿದ್ದೆನಲ್ಲ."

"ಆಮೇಲೆ?"

"ಸೋತೆ."

"ಆಗ ಯಾಕೆ ಏಳಲಿಲ್ಲ?"

"ಸೋಲುತ್ತಿದ್ದೆನಲ್ಲ."

"ಗೆದ್ದಾಗಲೂ ಏಳಲ್ಲ, ಸೋತಾಗಲೂ ಏಳಲ್ಲ. ಹಾಗಾದರೆ ಏಳೋ ಹೊತ್ತು ಯಾವುದೋ?"

"ಅದನ್ನೇ ನಿನ್ನ ಕೇಳೋಕೆ ಬಂದೆ," ಅಂದ ಗಾದಿಲಿಂಗ. ಅವನ ದನಿ ಏರಿತು. "ನೀನೂ ಅದನ್ನೇ ಮಾಡ್ತೀಯಲ್ಲ ಅವ್ವಾ! ದಿನಾ ಬಾವಿಗೆ ಇಳಿಸ್ತೀಯ. ನೀರಿಲ್ಲ. ಇನ್ನೊಂದು ಅಡಿ ತೋಡು ಅಂತೀಯ. ಆಮೇಲೆ ಇನ್ನೊಂದು ಅಡಿ. ಅದಕ್ಕೆ ಎಲ್ಲರೂ ಛಲ ಅಂತಾರೆ. ನಾನು ಇನ್ನೊಂದೇ ಸುತ್ತು ಅಂದರೆ ಅದು ಹುಚ್ಚು. ಏನು ವ್ಯತ್ಯಾಸ? ಹೇಳು."

ಹುಲಿಗೆವ್ವ ಅವನನ್ನೇ ನೋಡಿದಳು.

"ಒಳ್ಳೇ ಪ್ರಶ್ನೆ. ನನ್ನ ಗಂಡನ ಹಾರೆ ಕೊಟ್ಟು ತಂದಿದ್ದೀಯ. ಬಿಟ್ಟಿಯಾಗಿ ಉತ್ತರ ಕೊಡಲ್ಲ."

ಕೊಡ ಎತ್ತಿಕೊಂಡು ಹೊಳೆಗೆ ಇಳಿದಳು. ಕಳೆದ ಬೇಸಗೆಯಲ್ಲಿ ಅದೇ ಇಳಿಜಾರಿನಲ್ಲಿ ಜಾರಿ ಬಿದ್ದಿದ್ದಳು. ಅಂದಿನಿಂದ ಒಂದು ಕಾಲು ಎಳೆಯುತ್ತಿತ್ತು. ಬಾವಿಯಲ್ಲಿ ನೀರು ಬಂದರೆ ಅವಳಿಗೆ ಈ ಗುಡ್ಡ ಇಳಿದು ಹತ್ತುವುದು ತಪ್ಪುತ್ತಿತ್ತು. ಅದು ಗಾದಿಲಿಂಗನಿಗೆ ಗೊತ್ತಿತ್ತು. ಅವಳು ಕಾಲೆಳೆದುಕೊಂಡು ಹೋಗುವುದನ್ನು ನೋಡಲಾಗದೆ ಮುಖ ತಿರುಗಿಸಿದ.

ಮರುದಿನ ಅವಳು ಅವನ ಕೈಗೆ ಉಳಿ, ಸುತ್ತಿಗೆ ಕೊಟ್ಟಳು.

"ಇಳಿ."

ಹಾರೆಯಿಲ್ಲದೆ ಬಂಡೆ ಎಲ್ಲಿ ಮಾತು ಕೇಳುತ್ತೆ? ಚೂರು ಚೂರೇ ಒಡೆದ. ಬುಟ್ಟಿಗೆ ತುಂಬಿದ. ಹೆಂಗಸರು ಮೇಲಕ್ಕೆ ಎಳೆದು ಹಾಕಿದರು. ಸಂಜೆ ಅವನು ಮೇಲೆ ಬಂದು ಉಸಿರು ಬಿಟ್ಟ.

ಹುಲಿಗೆವ್ವ ಸಲಿಕೆ ತಗೊಂಡಳು. ಅವನು ಒಡೆದು ಕಳಿಸಿದ್ದ ಕಲ್ಲನ್ನೆಲ್ಲ ಬಾವಿಗೆ ವಾಪಸ್ ತಳ್ಳಿದಳು.

 

ಮರುದಿನವೂ ಗಾದಿಲಿಂಗ ಇಳಿದ. ಹಿಂದಿನ ದಿನದ ಕಲ್ಲನ್ನೇ ಮತ್ತೆ ತುಂಬಿದ. ಅದು ಮುಗಿಯುವಷ್ಟರಲ್ಲಿ ಮತ್ತೆ ಸಂಜೆ. ಅವಳು ಮತ್ತೆ ಸಲಿಕೆ ಎತ್ತಿದಳು.

"ಅವ್ವಾ! ನಿನಗೇನು ತಲೆ ಕೆಟ್ಟಿದೆಯಾ?"

"ನಾಳೆ ಮತ್ತೆ ತೋಡು. ನಾಳೆ ನೀರು ಬರಬಹುದು."

"ಹೇಗೆ ಬರುತ್ತೆ? ದಿನಾ ಮೊದಲಿಂದ ಶುರು ಮಾಡಿದರೆ ನಾನು ಸಾಯೋವರೆಗೂ ಬರಲ್ಲ!"

ಹುಲಿಗೆವ್ವ ಸಲಿಕೆ ನೆಲಕ್ಕೆ ಊರಿದಳು.

"ಆ ಮನೆಯ ಚಕ್ರ ತಿರುಗುತ್ತಲ್ಲ, ಹಿಂದಿನ ಸುತ್ತನ್ನ ಅದು ಎಲ್ಲಿ ಇಟ್ಟುಕೊಂಡಿರುತ್ತೆ?"

ಗಾದಿಲಿಂಗ ಅಂಗೈಗೆ ಹತ್ತಿದ ಕಲ್ಲಿನ ಪುಡಿ ಒರೆಸಿಕೊಂಡ.

"ಹಾರೆ ಇಡುವಾಗ ಏನು ಅಂದುಕೊಂಡೆ? ನಿಜ ಹೇಳು."

"ಅಷ್ಟು ಸಲ ಕಪ್ಪೇ ಬಂತು. ಇನ್ನು ಕೆಂಪು ಬರಲೇಬೇಕು ಅಂದುಕೊಂಡೆ."

"ಅಷ್ಟು ಸಲ ಬಂದಿದ್ದನ್ನ ನೆನಪಿಟ್ಟುಕೊಂಡವರು ಯಾರು? ಚಕ್ರಾನಾ?"

"ಅಲ್ಲ. ನಾನು."

"ಬಂಡೆಗೆ ಕೊಟ್ಟ ಏಟು ಬಂಡೆಯಲ್ಲೇ ಇರುತ್ತೆ ಕಣೋ. ನಾನು ಸತ್ತರೂ ಇರುತ್ತೆ, ಮುಂದಿನವನು ಅಲ್ಲಿಂದ ಶುರು ಮಾಡ್ತಾನೆ. ಆ ಮನೆಯಲ್ಲಿ ನೀನು ಆಡಿದ್ದನ್ನೆಲ್ಲ ಪ್ರತಿ ಸುತ್ತಿಗೂ ಮುಚ್ಚಿಹಾಕ್ತಾರೆ. ನೀನು ಮಾತ್ರ ಆಳಕ್ಕೆ ಹೋದೆ ಅಂದುಕೊಂಡಿರ್ತೀಯ."

ಅವನು ಬಾವಿಯೊಳಗೆ ಬಗ್ಗಿ ನೋಡಿದ.

"ಅರ್ಥವಾಯಿತು ಅವ್ವಾ."

"ತಲೆಗೆ ಅರ್ಥವಾಯಿತು," ಅಂದಳು. "ಕಾಲಿಗೆ ಆಯಿತಾ ನೋಡೋಣ."

ಬೆಳಗಾಯಿತು. ಕೆಳಗೆ ಹೊಳೆಯಲ್ಲಿ ಅಂಬಿಗ ಕೂಗು ಹಾಕಿದ. "ಆಟದ ಮನೆಗೆ ಬರೋರು ಬರ್ರಪ್ಪೋ! ಪುಕ್ಕಟೆ! ಪುಕ್ಕಟೆ!"

ಗಾದಿಲಿಂಗನ ಕಾಲು ಆಗಲೇ ಇಳಿಜಾರಿನಲ್ಲಿತ್ತು.

"ಹಾರೆ ಬಿಡಿಸಿಕೊಂಡು ಬರೋಕೆ ಮಾತ್ರ ಅವ್ವಾ. ನಿನ್ನ ಗಂಡನದು. ನಾನು ಕಳೆದಿದ್ದು ನಾನೇ ತರಬೇಕಲ್ಲ. ಹಾರೆ ಬಂದ ಕೂಡಲೇ ಎದ್ದುಬಿಡ್ತೀನಿ. ನಿನ್ನಾಣೆ."

"ಏನು ಇಡ್ತೀಯ?"

ಅವನು ಅಂಗಿ ಎತ್ತಿ ಬೆಳ್ಳಿಯ ಉಡಿದಾರ ತೋರಿಸಿದ. ಅವನ ತಾಯಿ ಕಟ್ಟಿದ್ದು.

"ಅದು ನಿನ್ನದು. ತಡೆಯಲ್ಲ."

"ತಡೆ ಅವ್ವಾ," ಅಂದ ಅವನು ಇದ್ದಕ್ಕಿದ್ದಂತೆ. "ಕೈ ಹಿಡಿದು ತಡೆ."

"ನಾನು ತಡೆದರೆ ನಿಂತದ್ದು ನನ್ನ ಕೈ. ನಿನ್ನ ಕಾಲಲ್ಲ. ನಡಿ, ನಾನೂ ಬರ್ತೀನಿ. ಹೇಗೂ ನೀರಿಗೆ ಹೋಗಬೇಕು."

ಖಾಲಿ ಕೊಡ ಹಿಡಿದು ಅವಳೂ ಹರಿಗೋಲು ಹತ್ತಿದಳು.

ಹೊರಗೆ ಸುಡುವ ಬಿಸಿಲು. ಆ ಮನೆಯ ಒಳಗೆ ದೀಪ. ಒಂದು ಕಿಟಕಿಯಿಲ್ಲ. ಹೊತ್ತು ಎಷ್ಟಾಯಿತು ಎಂದು ತಿಳಿಯಲು ಗೋಡೆಯ ಮೇಲೆ ಒಂದು ಗಡಿಯಾರವಿಲ್ಲ. ತೊಟ್ಟಿ ಸುತ್ತ ದನ ನಿಂತ ಹಾಗೆ ಜನ ಚಕ್ರದ ಸುತ್ತ ನಿಂತಿದ್ದರು. ಗಾದಿಲಿಂಗ ಅವರ ನಡುವೆ ಹೋಗಿ ಕೂತ. ಹುಲಿಗೆವ್ವ ಚಕ್ರವನ್ನು ನೋಡಲಿಲ್ಲ. ಅದನ್ನು ತಿರುಗಿಸುವವನನ್ನು ನೋಡಿದಳು.

"ತಮ್ಮಾ, ನೀನು ಯಾವಾಗ ಏಳ್ತೀಯ?"

"ಬದಲಿ ಬಂದಾಗ, ಅಮ್ಮಾ," ಅಂದ ಅವನು ನಗುತ್ತ.

"ಗೆದ್ದರೂ?"

"ನಂದೇನು ಗೆಲುವು, ನಂದೇನು ಸೋಲು. ನಾನು ಕೂಲಿಯವನು."

"ಮನೆ ಮುಚ್ಚೋದು ಯಾವಾಗ?"

ಅವನು ಜೋರಾಗಿ ನಕ್ಕ. "ನೀವು ಬಂದಾಗ ನೋಡಲಿಲ್ಲವಾ? ಈ ಮನೆಗೆ ಬಾಗಿಲಿದೆ. ಕದ ಇಲ್ಲ."

ಹುಲಿಗೆವ್ವ ಗಾದಿಲಿಂಗನ ಕಡೆ ತಿರುಗಿದಳು. ಅವನಿಗೆ ಕೇಳಿಸಿತ್ತು. ಕೇಳಿಸಿಯೂ ಉಡಿದಾರ ಬಿಚ್ಚಿ ಕೆಂಪಿನ ಮೇಲೆ ಇಟ್ಟ.

ಚಕ್ರ ತಿರುಗಿತು.

ಕೆಂಪು ಬಂತು.

ಒಬ್ಬ ಆಳು ಒಳಗಿನಿಂದ ಹಾರೆ ತಂದು ಗಾದಿಲಿಂಗನ ತೊಡೆಯ ಮೇಲಿಟ್ಟ. ಉಡಿದಾರವೂ ವಾಪಸ್ ಬಂತು. ಗಾದಿಲಿಂಗನ ಕಣ್ಣು ತುಂಬಿತು.

"ಇವತ್ತು ಚಕ್ರ ನಿನ್ನ ಕಡೆ ಇದೆ ದೊರೆ," ಅಂದ ತಿರುಗಿಸುವವನು. "ಬಾವಿ ತೋಡ್ತೀಯಂತೆ? ಬಂಡೆ ಸಿಡಿಸೋ ಮದ್ದು ಬೇಕಾ? ಹಾರೆ ಇಡು. ಗೆದ್ದರೆ ಒಂದೇ ಏಟಿಗೆ ನೀರು."

ಒಂದೇ ಏಟಿಗೆ ನೀರು. ಗಾದಿಲಿಂಗನ ಬೆರಳು ಹಾರೆಯ ಮೇಲೆ ಓಡಾಡಿತು. ಅವನು ಹುಲಿಗೆವ್ವನನ್ನು ನೋಡಿದ. ಅವಳ ಎಳೆಯುವ ಕಾಲನ್ನು ನೋಡಿದ.

"ಅವ್ವಾ, ನಿನಗೋಸ್ಕರ..."

ಅವಳು ಕೊಡವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿದಳು.

ಗಾದಿಲಿಂಗ ಎದ್ದ. ಹಾರೆ ಹಿಡಿದು ಬಾಗಿಲ ಕಡೆ ತಿರುಗಿದ. 

ತಿರುಗಿಸುವವನಿಗೆ ಸಿಟ್ಟು ಬರಲಿಲ್ಲ. ಹಾರೆಯನ್ನು ತಾನೇ ಹೆಗಲ ಮೇಲೆ ಹೊತ್ತು, ಬಾಗಿಲವರೆಗೆ ಬಂದು ಕೊಟ್ಟ.

"ಗೆದ್ದವರು ನಗುತ್ತ ಹೋಗಬೇಕು ದೊರೆ. ಮನೆ ನಿಂದೇ. ಯಾವಾಗ ಬೇಕಾದರೂ ಬಾ."

ಹುಟ್ಟಿದಾಗಿನಿಂದ ಯಾರೂ ಗಾದಿಲಿಂಗನಿಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ದಡದಲ್ಲಿ ಅಂಬಿಗ ಕೈ ಚಾಚಿದ. ಕೊಡಲು ಬಿಡಿಗಾಸೂ ಇರಲಿಲ್ಲ. "ನಾನೇ ಹುಟ್ಟು ಹಾಕ್ತೀನಿ ಬಿಡಣ್ಣ, ನೀನು ಕಾಲು ಚಾಚಿ ಕೂತುಕೋ," ಅಂದ ಗಾದಿಲಿಂಗ. ಅಂಬಿಗ ಒಪ್ಪಿಕೊಂಡು ಟವೆಲ್ಲಿನಿಂದ ಮುಖ ಮುಚ್ಚಿ ಒರಗಿದ.

ಹೊಳೆಯ ನಡುವೆ ಗಾದಿಲಿಂಗನಿಗೆ ಮಾತು ತಡೆಯಲಾಗಲಿಲ್ಲ.

"ನೋಡಿದೆಯಾ ಅವ್ವಾ? ಎದ್ದೆ! ಯಾರೂ ಎಬ್ಬಿಸಲಿಲ್ಲ, ನಾನೇ ಎದ್ದೆ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಗೆದ್ದ ಕೂಡಲೇ ಏಳಬೇಕು. ಇಷ್ಟೇ! ಇನ್ನು ಮುಂದೆ ಯಾವಾಗ ಹೋದರೂ ಹೀಗೇ."

"ಹಾರೆ ಕೊಡು ಇಲ್ಲಿ," ಅಂದಳು ಹುಲಿಗೆವ್ವ.

ಕೊಟ್ಟ.

ಅವಳು ಅದನ್ನು ಮಡಿಲ ಮೇಲೆ ಮಲಗಿಸಿಕೊಂಡಳು. ತುದಿಯಿಂದ ತುದಿಗೆ ಕೈಯಾಡಿಸಿದಳು. ನಡುವೆ ಒಂದು ಕಡೆ ಕಬ್ಬಿಣ ಸವೆದು ನುಣುಪಾಗಿತ್ತು, ಗಂಡ ಹಿಡಿಯುತ್ತಿದ್ದ ಜಾಗ. ಅಲ್ಲಿ ಅವಳ ಹೆಬ್ಬೆರಳು ನಿಂತಿತು.

ಆಮೇಲೆ ಅಂಚಿಗೆ ಬಾಗಿ ಹಾರೆಯನ್ನು ನೀರಿಗೆ ಬಿಟ್ಟಳು.

ಒಂದು ಸದ್ದು. ನೀರು ಮತ್ತೆ ಸಮವಾಯಿತು.

"ಅವ್ವಾ!" ಗಾದಿಲಿಂಗ ಹುಟ್ಟು ಬಿಟ್ಟು ಎದ್ದು ನಿಂತ. ಹರಿಗೋಲು ಗಿರ್ರನೆ ತಿರುಗಿತು. ಅಂಬಿಗ ಟವೆಲ್ಲು ಕಿತ್ತು ಬೈದ. "ಕೂತುಕೊಳ್ಳೋ ಮೂಳ, ಮುಳುಗಿಸ್ತೀಯಾ?"

ಗಾದಿಲಿಂಗ ಕುಸಿದು ಕೂತ.

"ಅದು ನಿನ್ನ ಗಂಡನ ಹಾರೆ!"

"ಹೂಂ."

"ಬಾವಿ ಏನಾಗುತ್ತೆ? ಬರೀ ಉಳಿಯಲ್ಲಿ ಒಡೆದರೆ ವರ್ಷಗಟ್ಟಲೆ ಆಗುತ್ತೆ. ಅಲ್ಲಿವರೆಗೆ ಈ ಕಾಲಲ್ಲಿ ನೀನೇ ಹೊರಬೇಕು!"

"ಹೊರ್ತೀನಿ."

ಅವಳು ಕೊಡವನ್ನು ಹೊಳೆಗೆ ಒತ್ತಿದಳು. ಗುಳುಗುಳು ಎಂದು ತುಂಬಿತು. ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು.

ಗಾದಿಲಿಂಗ ಅಳುತ್ತಿದ್ದ.

"ಸೋತು ಬಂದಾಗ ನೀನು ಒಂದು ಮಾತೂ ಬೈಯಲಿಲ್ಲ. ಇವತ್ತು ಗೆದ್ದು ತಂದೆ. ಹೇಳಿದ ಹಾಗೆ ಎದ್ದೂ ಬಂದೆ. ಇವತ್ತು ಯಾಕೆ ಅವ್ವಾ?"

ಹುಲಿಗೆವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಗೆಲುವು ಅಂತ ಹೇಳಿ ಅವರು ನಿನ್ನ ಸೊಂಟಕ್ಕೊಂದು ಹಗ್ಗ ಕಟ್ಟಿ ಕಳಿಸಿದ್ದರು ಮಗಾ. ಬಿಚ್ಚಿದೆ."