ಅರ್ಧಕ್ಕೆ ಅರ್ಧ ಕೂಡಿಸಿದ ಪಲ್ಟನ್

ಹೊಳೆ ದಂಡೆಯ ಆಶ್ರಮದಲ್ಲಿ ಒಬ್ಬರು ಅಜ್ಜಾರು. ಕಾವಿ ಉಡುವ ಮುಂಚೆ, ಎರಡನೇ ಮಹಾಯುದ್ಧದಲ್ಲಿ, ಮಿತ್ರಪಡೆಯ ಸಿಪಾಯಿಯಾಗಿ ಮಲಯದ ಕಾಡಿನಲ್ಲಿ ಜಪಾನಿನವರ ಎದುರು ಕಾದಾಡಿದವರು.

ಅವರ ಶಿಷ್ಯ ಭರಮಣ್ಣ. ಬುದ್ಧಿಯಲ್ಲಿ ಅವನನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಹಾಗಂತ ಅವನೇ ಹೇಳುತ್ತಿದ್ದ.

ಅವನು ಆ ಪೆಸಿಫಿಕ್ ಯುದ್ಧವನ್ನೇ ಒಂದು ಮಣೆಯಾಟ ಮಾಡಿದ. ಯಾವ ಡಿವಿಜನ್ನಿನಲ್ಲಿ ಯಾವ ಬ್ರಿಗೇಡ್, ಯಾವ ಬ್ರಿಗೇಡಿನಲ್ಲಿ ಯಾವ ಪಲ್ಟನ್, ಎಲ್ಲಕ್ಕೂ ರಟ್ಟಿನ ಕಾಯಿ, ಕಾಯಿಯ ಮೇಲೆ ಬಲದ ಅಂಕಿ.

ಸೇನೆಯ ರಚನೆ ಸರಿಯಿದೆ ಎಂದು ಅಜ್ಜಾರು ಸಹಿ ಹಾಕಿದರೆ ಮಾತ್ರ ಅಚ್ಚು ಹಾಕುತ್ತೇನೆ ಎಂದಿದ್ದ ಪ್ರೆಸ್ಸಿನವನು.

ಅಜ್ಜಾರು ಕಾಯಿಗಳನ್ನು ನೋಡುತ್ತಾ ಬಂದು ಒಂದನ್ನು ಎತ್ತಿಕೊಂಡರು.

"ಇದು ಯಾವ ಪಲ್ಟನ್?"

ಭರಮಣ್ಣ ಎದೆಯುಬ್ಬಿಸಿ ವಿವರಿಸಿದ. ಹಿಂದೆ ಸರಿಯುವಾಗ ಎರಡು ಪಲ್ಟನ್ನುಗಳಲ್ಲಿ ಅರ್ಧರ್ಧ ಜನ ಸತ್ತರು. ಉಳಿದವರನ್ನು ಕೂಡಿಸಿ ಒಂದು ಮಾಡಿದರು. ಅರ್ಧಕ್ಕೆ ಅರ್ಧ ಸೇರಿದರೆ ಪೂರ್ತಿ. ಅದಕ್ಕೇ ಪೂರ್ತಿ ಬಲದ ಅಂಕಿ.

ಅಜ್ಜಾರ ಮುಖ ಕೆಂಪಾಯಿತು. ಈ ಅಂಕಿ ಅಳಿಸು ಅಂದರು.

ಭರಮಣ್ಣನಿಗೂ ತಲೆ ಕೆಟ್ಟಿತು. ಕಣ್ಣು ಉರಿಯುವ ತನಕ ಓದಿ ಮಾಡಿದ್ದೇನೆ, ಒಬ್ಬನೇ ಒಬ್ಬ ಸಿಪಾಯಿ ಹೆಚ್ಚುಕಮ್ಮಿ ಇದ್ದರೆ ತೋರಿಸಿ ಅಂತ ಜಗಳಕ್ಕೇ ನಿಂತ.

ಅಜ್ಜಾರು ಎದ್ದು ಬಾಗಿಲಿಗೆ ಹೋದರು. ತಮ್ಮ ಬಲಗಾಲಿನ ಚಪ್ಪಲಿ ತೆಗೆದು ಹೊಳೆಗೆ ಎಸೆದರು. ಭರಮಣ್ಣನ ಬಲಗಾಲಿನದನ್ನೂ ಎಸೆದರು. ಮೊನ್ನೆ ತಾನೇ ಕೊಂಡ ಚಪ್ಪಲಿ.

ಉಳಿದವು ಎರಡು, ಎರಡೂ ಎಡಗಾಲಿನವು.

"ಎರಡು ಅದಾವಲ್ಲ? ಜೋಡಿ ಆತು. ಮೆಟ್ಕೊ. ಗುಡ್ಡದ ಗುಡಿ ಮುಟ್ಟಿ ಬಾ."

ಭರಮಣ್ಣ ಹಲ್ಲು ಕಡಿಯುತ್ತಾ ಹೊರಟ. ಕಲ್ಲಿನ ದಾರಿ, ನೆತ್ತಿ ಮೇಲೆ ಬಿಸಿಲು. ಒಂದು ಚಪ್ಪಲಿ ಸಣ್ಣದು, ಒಂದು ದೊಡ್ಡದು. ಅರ್ಧ ಗುಡ್ಡ ಹತ್ತುವುದರೊಳಗೆ ಬಲಗಾಲಿನ ಬೆರಳು ಕಿತ್ತು ರಕ್ತ ಬಂತು. ಕುಂಟುತ್ತಾ ವಾಪಸ್ ಬಂದವನೇ ಎರಡನ್ನೂ ಅಂಗಳದಲ್ಲಿ ಬಿಸಾಕಿದ.

"ಇವನ್ನ ಮೆಟ್ಟಿ ನಡ್ಯಾಕ ಆಗೂದಿಲ್ರಿ ಅಜ್ಜಾರ. ಸಹಿ ಹಾಕ್ತೀರೋ ಇಲ್ಲೋ, ಅಷ್ಟು ಹೇಳ್ರಿ."

ಅಜ್ಜಾರು ಆ ರಟ್ಟಿನ ಕಾಯಿಯನ್ನು ಅವನ ಅಂಗೈಯಲ್ಲಿಟ್ಟರು.

"ಈ ಪಲ್ಟನ್ನಿನಾಗ ನಾನೂ ಇದ್ದೆ. ನಮಗೂ ನಡ್ಯಾಕ ಆಗಲಿಲ್ಲ. ಆದರೂ ನಡಿಸಿದ್ರು. ಅದಕ್ಕೊಂದು ಅಂಕಿ ಹಾಕ್ಕೊಂಡು ಬಾ, ಸಹಿ ಹಾಕ್ತೀನಿ."