ಕ್ಯಾತಣ್ಣನ ಗಿಡ

ಮಕ್ಕಳೇ, ಒಂದು ಕಲ್ಲುಗುಡ್ಡದ ಮೇಲೆ ಕ್ಯಾತಣ್ಣ ಎಂಬ ಓತಿಕ್ಯಾತ ಇದ್ದ. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಎನ್ನುತ್ತಾರೆ. ಆ ಗುಡ್ಡದಲ್ಲಿ ಬೇಲಿಯೇ ಇರಲಿಲ್ಲ. ಅವನಿಗಿದ್ದದ್ದು ಒಂದು ಗಿಡ.

ಬಂಡೆಯ ಬಿರುಕಿನಲ್ಲಿದ್ದ ಆ ಗಿಡ ಬೇಸಿಗೆಯಲ್ಲಿ ಒಣಗಿ ಕಡ್ಡಿಯಾಗುತ್ತಿತ್ತು. ಮಳೆ ಬಿದ್ದೊಡನೆ ಒಳಗಿನ ಗೆಡ್ಡೆಯಿಂದ ಮತ್ತೆ ಚಿಗುರಿ ನೇರಳೆ ಹೂ ಬಿಡುತ್ತಿತ್ತು. ಹೂವಿಗೆ ನೊಣ ಬಂದರೆ ಕ್ಯಾತಣ್ಣನಿಗೆ ಊಟ. ಗಿಡುಗ ಬಂದರೆ ಎಲೆಯಡಿಯೇ ಅವನ ಮನೆ.

ಅವನಿಗೆ ಒಂದೇ ಒಂದು ದೋಷ. ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಕೇಳಿದವರ ಮುಖ ಸಪ್ಪಗಾದರೆ ಇವನಿಗೆ ಹೊಟ್ಟೆಯಲ್ಲಿ ಸಂಕಟ. ಅದಕ್ಕೇ ಹೂಂ ಎಂದು ತಲೆಯಾಡಿಸಿಬಿಡುತ್ತಿದ್ದ.

ಮಳೆಗಾಲದಲ್ಲಿ ಮೊಲ ಬಂದಿತು. "ಕ್ಯಾತಣ್ಣ, ಎರಡು ಎಲೆ ತಿನ್ನಲಾ?"

ಕ್ಯಾತಣ್ಣ ತಲೆಯಾಡಿಸಿದ. ಮೊಲ ಹನ್ನೆರಡು ತಿಂದಿತು. "ನಿನ್ನಂಥ ಒಳ್ಳೆಯವನು ಈ ಗುಡ್ಡದಲ್ಲೇ ಇಲ್ಲ," ಎಂದಿತು. ಆ ವಾರವೆಲ್ಲ ಕ್ಯಾತಣ್ಣ ಖುಷಿಯಾಗಿದ್ದ, ಗಿಡುಗ ಬಂದಾಗ ಸ್ವಲ್ಪ ಹೆಚ್ಚು ಮುದುಡಿಕೊಂಡ ಅಷ್ಟೆ.

ಬೇಸಿಗೆಯಲ್ಲಿ ಮುಳ್ಳುಹಂದಿ ಮುಳ್ಳಪ್ಪ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ. "ಈ ಗಿಡ ಸತ್ತುಹೋಗಿದೆ, ಅಲ್ವಾ ಕ್ಯಾತಣ್ಣ?"

ಸತ್ತಿಲ್ಲವೆಂದು ಕ್ಯಾತಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಿರಿಯರು, ಅಷ್ಟು ದೂರದಿಂದ ಬಂದವರು. ತಲೆಯಾಡಿಸಿದ.

"ಹಾಗಾದರೆ ಅಡಿಯ ಗೆಡ್ಡೆ ನಿನಗೆ ಬೇಡ ತಾನೇ?"

ಬೇಕು ಎನ್ನಲು ಕ್ಯಾತಣ್ಣ ಬಾಯಿ ತೆರೆದ. ತಲೆ ಮಾತ್ರ ತಾನಾಗಿಯೇ ಆಡಿತು. ಮುಳ್ಳಪ್ಪ ಅಗೆದು, ತಿಂದು, ಬಾಯಿ ಒರೆಸಿಕೊಂಡ. "ದೇವರಂಥ ಮನುಷ್ಯ ನೀನು," ಎಂದ. ಕ್ಯಾತಣ್ಣ ದೇವರೂ ಅಲ್ಲ, ಮನುಷ್ಯನೂ ಅಲ್ಲ. ಅದಕ್ಕೂ ತಲೆಯಾಡಿಸಿದ.

ಮಳೆ ಬಂತು. ಗುಡ್ಡದ ಬೇರೆ ಬಿರುಕುಗಳ ಗಿಡಗಳೆಲ್ಲ ನೇರಳೆ ಹೂ ಬಿಟ್ಟವು. ಕ್ಯಾತಣ್ಣನ ಬಿರುಕಿನಲ್ಲಿ ನೀರು ಮಾತ್ರ ನಿಂತಿತು. ಒಂದು ಬೆಳಗ್ಗೆ ಗಿಡುಗ ಎರಗಿತು. ಕ್ಯಾತಣ್ಣ ಎಲೆಯಡಿಗೆ ಓಡಿದ, ಎಲೆ ಇರಲಿಲ್ಲ. ಹೇಗೋ ಕಲ್ಲಿನ ಸಂದಿಗೆ ನುಗ್ಗಿದ. ಅರ್ಧ ಬಾಲ ಗಿಡುಗನ ಪಾಲಾಯಿತು. ಅವನು ನೋವಿನಿಂದ ಅತ್ತುಬಿಟ್ಟ.

ಸಂಜೆ ಮೊಲ ಇಣುಕಿತು. "ಅಯ್ಯೋ ಪಾಪ. ಸಂದಿ ಬೆಚ್ಚಗಿದೆಯಲ್ಲ ಕ್ಯಾತಣ್ಣ. ನೀನು ಹೊರಗೆ ಬಂದರೆ ನಾನು ಮಲಗಬಹುದು, ಅಲ್ವಾ?"

ಕ್ಯಾತಣ್ಣನ ತಲೆ ಅರ್ಧ ಎದ್ದಿತು. ಅಲ್ಲೇ ನಿಂತಿತು.

"ಇಲ್ಲ," ಎಂದ.

ಮೊಲದ ಮುಖ ಸಪ್ಪಗಾಯಿತು. ಕ್ಯಾತಣ್ಣನಿಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬಾಲದ ನೋವಿನ ಮುಂದೆ ಅದು ಏನೂ ಅಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

ನೀತಿ: ಇಲ್ಲ ಎನ್ನಬೇಕಾದಲ್ಲಿ ಇಲ್ಲ ಎನ್ನದವನು ಇದ್ದದ್ದನ್ನೂ ಕಳೆದುಕೊಳ್ಳುತ್ತಾನೆ.